ಇಳಿಸಿದ್ದು ಯಾರು?

ವಾಯುಪಡೆಯ ಆ ತರಬೇತಿ ಶಾಲೆಯಲ್ಲಿ ಅವರಿಗೆ ‘ಸಂಶಯಪ್ಪ’ ಎಂದೇ ಹೆಸರು. ಕಲಿಯುವ ಪೈಲಟ್‌ಗಳನ್ನೂ ಕಲಿಸುವವರನ್ನೂ ಪರೀಕ್ಷಿಸಿ ಪಾಸೋ ಫೇಲೋ ಬರೆಯುವುದು ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ. ಅಯ್ಯೋ, ಆ ಮನುಷ್ಯನ ಅನುಮಾನಕ್ಕೆ ಮನೆಯಲ್ಲೂ ರಜೆಯಿಲ್ಲ! ತಟ್ಟೆಯ ಮುಂದೆ ಒಂದು ಗಳಿಗೆ ತಡೆದರೆ ಸಾಕು, ಹೆಂಡತಿ, “ಉಪ್ಪು ಹಾಕಿದೀನಿ ಕಣ್ರೀ, ಬೇಕಿದ್ರೆ ಸಹಿ ಮಾಡಿ ಕೊಡ್ಲಾ?” ಎನ್ನುತ್ತಿದ್ದರು.

ಈ ಸಲ ಅವರ ಕಣ್ಣು ಬಿದ್ದದ್ದು ಒಬ್ಬ ವಿದ್ಯಾರ್ಥಿನಿಯ ಮೇಲೆ. ವಿಮಾನ ಇಳಿಸುವುದರಲ್ಲೇ ಎರಡು ಸಲ ಫೇಲಾದವಳು; ಇದೂ ತಪ್ಪಿದರೆ ಗಂಟುಮೂಟೆ ಕಟ್ಟಬೇಕು. ಅಂಥವಳು ಹದಿನೈದೇ ದಿನದಲ್ಲಿ ಸಲೀಸಾಗಿ ಇಳಿಸುತ್ತಾಳೆಂದು ಅವಳ ಶಿಕ್ಷಕ ಬರೆದಿದ್ದ. ತರಬೇತಿ ವಿಮಾನದಲ್ಲಿ ಮುಂದೆ ಕಲಿಯುವವರು, ಹಿಂದೆ ಕಲಿಸುವವರು; ಎರಡೂ ಸೀಟಿಗೆ ವಿಮಾನ ಏರಿಸಿ ಇಳಿಸುವ ಒಂದೊಂದು ಸ್ಟಿಕ್. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಹಿಂದೆ ಕೂತವನು ಮೆಲ್ಲಗೆ ಹಿಡಿದರೆ ಕೇಳುವವರಾರು?

“ನಿಜ ಹೇಳಪ್ಪಾ, ಇಳಿಸಿದ್ದು ಅವಳಾ, ನೀನಾ?” ಶಿಕ್ಷಕನನ್ನು ಕರೆಸಿ ಕೇಳಿದರು.

“ದೇವರಾಣೆ ಅವಳೇ ಸರ್. ನನ್ನ ಕೈ ತೊಡೆ ಮೇಲಿತ್ತು.”

“ನನ್ನ ಕಿವಿಗೇ ಹೂವಿಡ್ತೀಯಾ? ಸುಳ್ಳಾದ್ರೆ ನಿನ್ನ ಕಲಿಸೋ ಅರ್ಹತೆನೂ ಹೋಯ್ತು ಅನ್ಕೋ.”

ಮರುದಿನ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ತಾವೇ ಕೂತರು. ಅಡ್ಡಗಾಳಿ ಬೀಸುತ್ತಿದ್ದರೂ ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗಲಿಲ್ಲ. ಕೆಳಗಿಳಿದ ಮೇಲೂ ಅವರ ಹುಬ್ಬು ಸಡಿಲಲಿಲ್ಲ.

“ಇಷ್ಟು ಬೇಗ ಹೇಗಮ್ಮ ಕಲಿತೆ?”

ಹುಡುಗಿ ಹೆಲ್ಮೆಟ್ ತೆಗೆದಳು. ಕಣ್ಣು ತುಂಬಿತ್ತು.

“ನೆಲ ಹತ್ರ ಬಂದಾಗ ಸ್ಟಿಕ್ ತಾನಾಗೇ ಹಿಂದೆ ಬಂತು ಸರ್. ನಾನಿನ್ನೂ ಎಳೆದಿರ್ಲಿಲ್ಲ.”

“ಅಂದ್ರೆ?”

“ನೀವು ಹಿಡ್ಕೊಂಡಿದ್ರಿ. ನಮ್ಮ ಸರ್ ಯಾವತ್ತೂ ಹಿಡಿಯಲ್ಲ.”

ಸಂಶಯಪ್ಪನಿಗೆ ರೇಗಿತು. ಬೈಯಲು ಬಾಯಿ ತೆರೆದರು. ಚಕ್ರ ನೆಲ ಮುಟ್ಟುವಾಗ ತಮ್ಮ ಬಲಗೈ ಎಲ್ಲಿತ್ತು? ಎಷ್ಟು ನೆನೆದರೂ ಹೊಳೆಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಪಾಸಾಗುತ್ತಿದ್ದ ಹುಡುಗಿ ಇದು. ಸುಳ್ಳು ಹೇಳಿ ಅವಳಿಗೇನು ಲಾಭ? ತಡಕಾಡಿದರೂ ಒಂದು ಕಾರಣ ಸಿಗಲಿಲ್ಲ.

ಆಫೀಸಿಗೆ ಬಂದವರೇ ಮೇಲಧಿಕಾರಿಗೆ ಫೋನ್ ಮಾಡಿ, ಬೇರೆ ಶಾಲೆಯಿಂದ ಒಬ್ಬ ಪರೀಕ್ಷಕರನ್ನು ಕಳಿಸಿ ಎಂದರು.

“ಆ ಹುಡುಗಿನ ನೋಡೋಕಾ?”

“ಹೌದು ಸರ್. ಅವಳಿಗಿಂತ ಮುಂಚೆ ನನ್ನನ್ನ.”

ಫೋನಿಟ್ಟು ಹಳೆಯ ರಿಜಿಸ್ಟರ್ ತೆರೆದರು. ಪಾಸು, ಪಾಸು, ಪಾಸು. ಎಲ್ಲಕ್ಕೂ ಅವರದೇ ಸಹಿ. ಇವರಲ್ಲಿ ನಿಜವಾಗಿ ಇಳಿಸಿದವರೆಷ್ಟು ಮಂದಿ? ಕಿಟಕಿಯಾಚೆ, ಅವರೇ ಪಾಸು ಮಾಡಿದ್ದ ಒಬ್ಬ ಒಂಟಿಯಾಗಿ ಇಳಿಯಲು ಬರುತ್ತಿದ್ದ. ಚಕ್ರ ನೆಲ ಮುಟ್ಟುವವರೆಗೂ ಅವರು ಉಸಿರು ಬಿಡಲಿಲ್ಲ.