ತವರಿನ ಗಾದಿ, ನೀಲಿ ದಾರ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೋಣೆಯ ಬಾಗಿಲು ಮುಂದೆ ಮಾಡಿ, ನನ್ನ ಗಾದಿಯ ಮೇಲೆ ಕಾಲು ಚಾಚುವ ಗಳಿಗೆಗಾಗಿ ನಾನು ವಾರವಿಡೀ ಕಾಯುತ್ತೇನೆ. ಉಳಿದ ದಿನಗಳಲ್ಲಿ ಬ್ಯಾಡಗಿಯಿಂದ ಹಾವೇರಿಗೆ ಬಸ್ಸು, ಶಾಲೆ, ಮಕ್ಕಳ ಗದ್ದಲ, ಮತ್ತೆ ಬಸ್ಸು. ಭಾನುವಾರ ಮಾತ್ರ ಕಿಟಕಿಯ ಪರದೆ ಎಳೆದು, ಕಾಲ ಮೇಲೆ ಹಳೆಯ ಕೌದಿ ಹೊದ್ದು, ತಲೆಯ ಹತ್ತಿರ ಒಂದು ವಾರಪತ್ರಿಕೆ ಇಟ್ಟುಕೊಂಡು ಮಲಗುತ್ತೇನೆ. ಪತ್ರಿಕೆಯನ್ನು ಓದುವುದೇನಿಲ್ಲ. ಅದು ಮುಖದ ಮೇಲೆ ಬಿದ್ದಾಗ ನಿದ್ದೆ ಬಂತೆಂದು ಗೊತ್ತಾಗುತ್ತದೆ.

ಈ ಸುಖವನ್ನು ಕಾಪಾಡಿಕೊಳ್ಳಲು ಬ್ಯಾಡಗಿಯಲ್ಲಿ ಸ್ವಲ್ಪ ಕಷ್ಟಪಡಬೇಕು. ಸೀಜನ್ ಶುರುವಾದರೆ ಊರಿಗೆ ಊರೇ ಸೀನುತ್ತದೆ. ನನ್ನ ಯಜಮಾನರದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿಯಿಂದ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ನನ್ನ ಗಾದಿ ಮುಟ್ಟುವಂತಿಲ್ಲ. ಅವರು "ಜಳಕಾ ಆತು" ಎಂದರೆ ನಾನು ಹಾಗೇ ಒಪ್ಪುವುದಿಲ್ಲ, ಬಚ್ಚಲಿಗೆ ಹೋಗಿ ನೆಲ ಒದ್ದೆಯಾಗಿದೆಯೇ ನೋಡಿ ಬರುತ್ತೇನೆ. ಒದ್ದೆಯಾಗಿದ್ದರೂ, ಬರೀ ಚೊಂಬು ನೀರು ಚೆಲ್ಲಿರಬಹುದಲ್ಲ ಎಂದು ಟವೆಲ್ಲನ್ನೂ ಮುಟ್ಟಿ ನೋಡುತ್ತೇನೆ.

ನನ್ನ ಸ್ವಭಾವವೇ ಹಾಗೆ. ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಳಗೆ ಒಯ್ದವಳಲ್ಲ. ದರ್ಜಿಗೆ ಬಟ್ಟೆ ಕೊಟ್ಟರೆ ಉಳಿದ ತುಂಡನ್ನೂ ಕೇಳಿ ತರುತ್ತೇನೆ. ಬೀಗ ಹಾಕಿ, ಜಗ್ಗಿ ನೋಡಿ, ಬಸ್‌ಸ್ಟ್ಯಾಂಡ್ ಮುಟ್ಟಿದ ಮೇಲೆ ಮತ್ತೆ ಅನುಮಾನ ಬಂದು ಮನೆಗೆ ಮರಳಿದ್ದೂ ಇದೆ. ಇದನ್ನು ಯಾರಾದರೂ ರೋಗ ಎಂದರೆ ನನಗೆ ಸಿಟ್ಟು ಬರುತ್ತದೆ. ಮೈಮರೆತವರು ಮೋಸ ಹೋಗುವುದನ್ನು ದಿನಾ ನೋಡುತ್ತೇನೆ, ನನಗೆ ಆ ಹಣೆಬರಹ ಬೇಡ ಅಷ್ಟೇ.

ಗಾದಿಯ ವಿಷಯದಲ್ಲಿ ಈ ಸ್ವಭಾವ ಇನ್ನೂ ಒಂದು ಕೈ ಮೇಲೆ. ಅದು ನನ್ನ ತವರಿನ ಗಾದಿ. ನನ್ನ ತವರು ದೇವರಗುಡ್ಡದ ಹತ್ತಿರದ ಒಂದು ಹಳ್ಳಿ. ನಮ್ಮ ಕಡೆ ಮಗಳನ್ನು ಕೊಟ್ಟು ಕಳಿಸುವಾಗ ಪಾತ್ರೆ, ಕಪಾಟಿನ ಜೊತೆ ಗಾದಿಯೂ ಟ್ರ್ಯಾಕ್ಟರ್ ಏರಬೇಕು, ಅದರೊಳಗಿನ ಹತ್ತಿ ಸ್ವಂತ ಹೊಲದ್ದಾಗಿರಬೇಕು. ಗಂಡನ ಮನೆಯ ಓಣಿಯ ಹೆಂಗಸರು ಮೊದಲು ಬಂದು ಅದನ್ನೇ ಅಂಗೈಯಿಂದ ಒತ್ತಿ ನೋಡುತ್ತಾರೆ. ನನ್ನದನ್ನು ಒತ್ತಿದವರೆಲ್ಲ "ಭಾಳ ಹತ್ತಿ ತುಂಬ್ಯಾರ ಬಿಡವಾ" ಎಂದಿದ್ದರು. ಆ ಮಾತು ಕೇಳಿ ನಾನು ಒಂದು ವರ್ಷ ಬೀಗಿಕೊಂಡು ಓಡಾಡಿದೆ.

ಗಾದಿಯನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ, ಹತ್ತಿ ಹಿಂಜಿಸಿ, ಮತ್ತೆ ತುಂಬಿಸಿ ಹೊಲಿಸಬೇಕು. ಹಿಂಜುವವರು ಬಂದ ದಿನ ಮನೆಯವರೊಬ್ಬರು ಕಾವಲು ಕೂರುವುದು ಇಲ್ಲಿ ಎಲ್ಲ ಮನೆಗಳ ರೂಢಿ. ಬಿಚ್ಚಿದಾಗಿನಿಂದ ಕೊನೆಯ ಹೊಲಿಗೆ ಹಾಕುವವರೆಗೆ ಏಳಬಾರದು. ಎದ್ದರೆ ಒಳ್ಳೆಯ ಹತ್ತಿ ಅವರ ಚೀಲ ಸೇರಿ, ಯಾರದೋ ಹಳೆಯ ಹತ್ತಿ ನಮ್ಮ ಗಾದಿ ಸೇರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಹಾಗೆ ಆದದ್ದನ್ನು ಕಣ್ಣಾರೆ ಕಂಡವರು ಯಾರೂ ನನಗೆ ಸಿಕ್ಕಿಲ್ಲ. ಆದರೂ ನಾನು ನಂಬುತ್ತೇನೆ.

ನನ್ನ ಗಾದಿಯನ್ನು ಹಿಂಜಿಸಿದ್ದು ಒಂದೇ ಸಲ, ಅದೂ ನಾನಿಲ್ಲದಾಗ. ಮಗಳು ಹುಟ್ಟುವಾಗ ಹೆರಿಗೆಗೆಂದು ತವರಿಗೆ ಹೋಗಿದ್ದೆ. ಬಾಣಂತಿ ಬರುವಷ್ಟರಲ್ಲಿ ಮೆತ್ತಗಾಗಲಿ ಎಂದು ಅತ್ತೆ ಹಿಂಜುವವನನ್ನು ಕರೆಸಿ, ತಾವೇ ಕಾವಲು ಕೂತು, ಕೆಲಸ ಮುಗಿಸಿಬಿಟ್ಟಿದ್ದರು. ಬಂದು ಮಲಗಿದರೆ ಮೆತ್ತಗೇನೋ ಇತ್ತು. ಆದರೆ ನಾನಿಲ್ಲದ ಹೊತ್ತು ನೋಡಿ ಯಾಕೆ ಮಾಡಿಸಿದರು ಎಂಬ ಹುಳ ಅಂದೇ ತಲೆ ಹೊಕ್ಕಿತು. ಆಮೇಲೆ ನಾನು ಅದನ್ನು ಯಾರ ಕೈಗೂ ಕೊಡಲಿಲ್ಲ. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಅಷ್ಟರಲ್ಲೇ ವರ್ಷಗಳನ್ನು ತಳ್ಳಿದೆ.

ಮಗಳು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಗಾದಿ ಗಂಟುಗಂಟಾಗಿತ್ತು. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡೇ ಏಳಬೇಕು. ಯಜಮಾನರು ಹಾವೇರಿಯ ಅಂಗಡಿಯಿಂದ ಫೋಮ್ ಗಾದಿ ತರುತ್ತೇನೆಂದರು. ಅದರೊಳಗೆ ಏನು ತುಂಬಿರುತ್ತಾರೋ ಯಾರು ಕಂಡವರು, ಬೇಡ ಎಂದೆ. ಈ ಬೇಸಿಗೆಯಲ್ಲಿ ನಮ್ಮ ಓಣಿಗೆ ಗೂಡ್ಸ್ ಆಟೊದಲ್ಲಿ ಹಿಂಜುವ ಮಷೀನ್ ಇಟ್ಟುಕೊಂಡು ಒಬ್ಬ ಬಂದಾಗ, ಭಾನುವಾರದ ನಿದ್ದೆಯನ್ನು ಬಿಟ್ಟುಕೊಟ್ಟು, ಗಾದಿಯನ್ನು ಅಂಗಳಕ್ಕೆ ತಂದು ಹಾಕಿಸಿದೆ. ಅವನೆದುರಿಗೇ ಕುರ್ಚಿ ಹಾಕಿಕೊಂಡು ಕುಳಿತೆ.

"ನೀವ ಒಳಗ ಹೋಗಿ ಕುಂದರ್ರಿ ಅಕ್ಕಾರ, ಧೂಳ ಭಾಳ ಹಾರತೈತಿ" ಎಂದ.

ಯಾಕೆ ನನ್ನನ್ನು ಒಳಗೆ ಕಳಿಸುತ್ತಾನೆ ಎಂದುಕೊಂಡು, ಮೂಗಿಗೆ ಸೆರಗು ಕಟ್ಟಿಕೊಂಡು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದೆ. ಮಷೀನಿನ ಮೇಲಂತೂ ನನಗೆ ಎಳ್ಳಷ್ಟೂ ವಿಶ್ವಾಸವಿರಲಿಲ್ಲ. ಒಂದು ಕಡೆ ಹಾಕಿದ್ದು ಇನ್ನೊಂದು ಕಡೆ ಬರುತ್ತದೆ, ನಡುವೆ ಏನಾಗುತ್ತದೆಂದು ಕಾಣುವುದಿಲ್ಲ. ಅದಕ್ಕೇ ಹಾಕುವ ಮೊದಲು ಪ್ರತಿ ಹಿಡಿ ಹತ್ತಿಯನ್ನೂ ನನ್ನ ಕೈಯಲ್ಲಿ ಹಿಡಿದು ನೋಡುತ್ತಿದ್ದೆ.

ಆಗ ಕಂಡಿತು. ಹತ್ತಿಯ ಗಂಟಿನೊಳಗೆ ತುಂಡು ತುಂಡಾದ ನೀಲಿ ದಾರ. ಒಂದಲ್ಲ, ಕೈ ಹಾಕಿದಲ್ಲೆಲ್ಲ. ಹತ್ತಿ ಒಂದೇ ಕಡೆ ಸರಿಯದಿರಲೆಂದು ಗಾದಿಗೆ ಅಲ್ಲಲ್ಲಿ ಟಾಕು ಹಾಕಿರುತ್ತಾರಲ್ಲ, ಬಿಚ್ಚುವಾಗ ಕತ್ತರಿಸಿದ ಆ ದಾರದ ಚೂರುಗಳು ಒಳಗೇ ಉಳಿಯುತ್ತವೆ. ನನ್ನ ಗಾದಿಗೆ ಮೊದಲಿನಿಂದಲೂ ಇದ್ದದ್ದು ಬಿಳಿ ದಾರ. ಅಂದರೆ ಇದು ಬೇರೆ ಯಾರದೋ ಗಾದಿಯ ಹತ್ತಿ.

"ಇದೇನಿದು?" ಎಂದು ಕೇಳಿದೆ.

"ನನಗೇನ ಗೊತ್ತರಿ, ಹ್ವಾದ ಸಲ ನಾ ಬಂದಿದ್ದಿಲ್ಲ" ಎಂದು ಅವನು ಮಷೀನ್ ಚಾಲೂ ಮಾಡಿದ.

ಹೋದ ಸಲ! ಎಷ್ಟೋ ವರ್ಷದ ಹುಳ ಅಂದು ತಲೆ ಎತ್ತಿತು. ಆ ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಗಾದಿ ಹೊಲಿದು ಮುಗಿಯುವವರೆಗೆ ಹಲ್ಲು ಕಚ್ಚಿ ಕೂತು, ಅವನು ಹೋದ ಕೂಡಲೇ ಪಡಸಾಲೆಯಲ್ಲಿದ್ದ ಅತ್ತೆಯ ಮುಂದೆ ಕರವಸ್ತ್ರ ಬಿಚ್ಚಿದೆ.

"ಇದು ನಮ್ಮ ಹತ್ತಿ ಅಲ್ಲರಿ ಅತ್ತಿ. ಅವತ್ತ ಕಾವಲಾ ಕುಂತಾವ್ರ ನೀವ. ನಮ್ಮವ್ವನ ಹೊಲದ ಹತ್ತಿ ಎಲ್ಲಿ ಹೋತು?"

ನಮ್ಮ ಅತ್ತೆ ಮಾತಿನಲ್ಲಿ ಯಾರಿಗೂ ಸೋತವರಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ, ನಿನ್ನ ನಾಲಿಗೆ ಕೆಟ್ಟಿದೆ ಎನ್ನುವವರು. ಇಂದು ಮನೆ ಹಾರಿಹೋಗುವ ಜಗಳವಾಗುತ್ತದೆಂದು ನಾನು ಸೆರಗು ಸಿಕ್ಕಿಸಿಯೇ ನಿಂತಿದ್ದೆ. ಅವರು ಆ ನೀಲಿ ಚೂರುಗಳನ್ನು ಒಂದು ಗಳಿಗೆ ನೋಡಿದರು.

"ಅವತ್ತ ಕುಂತಲ್ಲೇ ನನಗ ನಿದ್ದಿ ಹತ್ತಿರಬೇಕು ಬಿಡವಾ" ಎಂದರು.

ಅಷ್ಟೇ. ಆಗ ಬಾಯಿಗೆ ಬಂದದ್ದೆಲ್ಲ ನಾನು ಅಂದೆ. ತವರಿನ ಹತ್ತಿಗೆ ನಿಮ್ಮ ಮನೆಯಲ್ಲಿ ಕಿಮ್ಮತ್ತಿಲ್ಲ ಎಂದೆ, ನಿಮ್ಮ ಮಗಳ ಗಾದಿಯಾಗಿದ್ದರೆ ಹೀಗೆ ನಿದ್ದೆ ಹತ್ತುತ್ತಿತ್ತೇ ಎಂದೆ. ಅವರು ಎದ್ದು ಒಳಗೆ ಹೋದರು. ಊಟದ ಹೊತ್ತಿಗೆ ಎಂದಿನಂತೆ ನನಗೆ ರೊಟ್ಟಿ ಬಡಿಸಿದರು.

ಹೊಸದಾಗಿ ಹಿಂಜಿದ ಗಾದಿ ಬೆಣ್ಣೆಯಷ್ಟು ಮೆತ್ತಗಿತ್ತು. ಆದರೂ ಆ ವಾರ ಅದರ ಮೇಲೆ ನನಗೆ ಒಂದು ದಿನವೂ ಸರಿಯಾಗಿ ನಿದ್ದೆ ಬರಲಿಲ್ಲ. ಯಾರೋ ಗೊತ್ತಿಲ್ಲದವರ ಹಾಸಿಗೆಯಲ್ಲಿ ಮಲಗಿದಂತೆ ಮೈ ಮುಜುಗರಪಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅತ್ತೆ ಸೋತದ್ದು ಕೊರೆಯುತ್ತಿತ್ತು. ಸೋಲದವರು ಸೋತರೆಂದರೆ ಅದರ ಹಿಂದೆ ದೊಡ್ಡದೇನೋ ಇರಬೇಕು. ಹತ್ತಿ ಮಾರಿಕೊಂಡರೋ, ನಾದಿನಿಗೆ ದಿಂಬು ಮಾಡಿ ಕಳಿಸಿದರೋ? ಸಾಕ್ಷಿ ಗಟ್ಟಿ ಮಾಡಿಕೊಳ್ಳದೆ ಬಿಡಬಾರದೆಂದು, ಮುಂದಿನ ಭಾನುವಾರ ಕರವಸ್ತ್ರದ ಗಂಟು ಹಿಡಿದು ರಾಣೇಬೆನ್ನೂರಿನ ಬಸ್ಸು ಹತ್ತಿದೆ, ಅಲ್ಲಿಂದ ಊರಿಗೆ ಹೋದೆ.

ಅಣ್ಣನ ಮನೆಯವರೆಲ್ಲ ಒಂದು ಮದುವೆಗೆ ಹೋಗಿದ್ದರು. ಅವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಚಹಾ ಕೂಡ ಕುಡಿಯದೆ ನಾನು ಗಂಟು ಬಿಚ್ಚಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ನೀ ಕೊಟ್ಟ ಹತ್ತಿ ಹೊಸಾದ ಇತ್ತಲ್ಲ ಯವ್ವಾ? ಅಷ್ಟ ಹೇಳು. ಉಳದದ್ದ ನಾ ನೋಡಕೋತೇನಿ."

ಅವ್ವ ದಾರದ ಚೂರನ್ನು ಬೆರಳಲ್ಲಿ ಹೊಸೆದಳು. ನನ್ನ ಮುಖ ನೋಡಲಿಲ್ಲ.

"ಇದು ನನ್ನ ಗಾದಿ ದಾರ" ಎಂದಳು. "ನಿನ್ನ ಮದುವಿ ವರ್ಷ ನಿಮ್ಮಪ್ಪ ಹೊಲಕ್ಕೆಲ್ಲಾ ಗೋವಿನಜ್ವಾಳ ಹಾಕಿದ್ದ. ಬದುವಿನ ಮಗ್ಗಲಿಗೆ ಎರಡ ಸಾಲ ಹತ್ತಿ ಇತ್ತು, ಅದು ಅರ್ಧಾ ಗಾದಿಗೂ ಸಾಲಲಿಲ್ಲ. ನನ್ನ ಗಾದಿ ಬಿಚ್ಚಿ ನಿಂದರಾಗ ತುಂಬಿಸಿದೆ."

"ಪ್ಯಾಟಿಯಿಂದ ತರಬೇಕಿತ್ತಲ್ಲ?"

"ಪ್ಯಾಟಿ ಹತ್ತೀನ ಹೆಂಗ ನಂಬೂದವಾ? ಯಾರ್ಯಾರ ಮಲಗಿದ್ದ ಹತ್ತಿನೋ ಏನೋ. ನಂದಾದ್ರ ನಮ್ಮ ಹೊಲದಾಗ ಬೆಳದದ್ದು, ನನ್ನ ಕೈಯಾಗ ಬಿಡಿಸಿದ್ದು. ಹಳೇದಾದ್ರೇನಾತು, ನಮ್ಮದು."

ನನ್ನ ಅನುಮಾನದ ಸ್ವಭಾವ ಯಾರಿಂದ ಬಂದದ್ದೆಂದು ಆಗ ತಿಳಿಯಿತು. ನಗು ಬರಬೇಕಾಗಿತ್ತು, ಬರಲಿಲ್ಲ.

"ಮತ್ತ ನೀನೂ ಅಪ್ಪನೂ?"

"ಜಮಖಾನಿ ಇತ್ತಲ್ಲ. ನೆಲದ ಮ್ಯಾಲೆ ಮಲಗಿದ್ರ ಬೆನ್ನಿಗೆ ಚಲೋ. ಆಮ್ಯಾಲ ಅದ ರೂಢಿ ಆತು." ಅವ್ವ ನನ್ನ ಕೈ ಹಿಡಿದುಕೊಂಡಳು. "ನಿಮ್ಮತ್ತಿ ಮುಂದ ಹೇಳಬ್ಯಾಡ ಮತ್ತ. ತವರಾವ್ರು ಹಳೇ ಹತ್ತಿ ಹಾಕಿ ಕಳಿಸ್ಯಾರ ಅಂತ ಇಷ್ಟ ದಿನದ ಮ್ಯಾಲೆ ಅನ್ನಿಸಿಕೊಳ್ಳೂದು ಬ್ಯಾಡ."

ಮರಳುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಕಣ್ಣೀರು ಹಾಕಿದೆ. ಹೆರಿಗೆಗೆಂದು ಆ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದೆ. ಅವ್ವ, ಅಪ್ಪ ನೆಲದ ಮೇಲೆ ಮಲಗುವುದನ್ನು ದಿನಾ ನೋಡಿದ್ದೆ. ಹಾಲಿಗೆ ಬೆರಳದ್ದುವ ನನಗೆ ಅದರಲ್ಲಿ ಕೇಳುವಂಥದ್ದೇನೂ ಕಂಡಿರಲಿಲ್ಲ. ಅಳು ಕಡಿಮೆಯಾದ ಮೇಲೆ ಇನ್ನೊಂದು ಕಷ್ಟ ಎದುರಿಗೆ ಬಂದು ನಿಂತಿತು. ಅತ್ತೆಯ ತಪ್ಪಿಲ್ಲವೆಂದು ಹೇಳಬೇಕಾದರೆ ಅವ್ವನ ಮಾತು ಮುರಿಯಬೇಕು. ಅವ್ವನ ಮಾನ ಉಳಿಸಬೇಕಾದರೆ ಅತ್ತೆ ಕಳ್ಳಿಯಾಗಿಯೇ ಉಳಿಯಬೇಕು. ಬ್ಯಾಡಗಿಯಲ್ಲಿ ಇಳಿಯುವವರೆಗೂ ಏನು ಮಾಡಬೇಕೆಂದು ಬಗೆಹರಿಯಲಿಲ್ಲ.

ಮನೆಗೆ ಬಂದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನಾನು ಎದುರಿಗೆ ಕೂತು ಒಂದು ಹಿಡಿ ನನ್ನ ಕಡೆ ಎಳೆದುಕೊಂಡೆ.

"ಅತ್ತಿ, ಅವತ್ತ ನಿಮಗ ನಿದ್ದಿ ಹತ್ತಿದ್ದಿಲ್ಲ. ಹೌದಲ್ಲರಿ?" ಎಂದೆ. ಅವ್ವನ ಹೆಸರು ಎತ್ತಲಿಲ್ಲ.

ಅವರು ತಲೆ ಎತ್ತಿದರು. "ಬೀಗತಿ ಹೇಳಿದ್ಲೇನ?"

ನಾನು ಮೆಣಸಿನಕಾಯಿ ಕೆಳಗಿಟ್ಟೆ. "ನಿಮಗ ಗೊತ್ತಿತ್ತ?"

"ಗಾದಿ ಬಿಚ್ಚಿದ ಕೂಡ್ಲೆ ನೋಡಿದ್ನಲ್ಲ. ಮ್ಯಾಲೆ ಹೊಸಾ ಹತ್ತಿ, ನಡಕ ಹಳೇದು. ನನಗೂ ಸಿಟ್ಟ ಬಂತು, ಕೇಳಬೇಕಂತನ ಕೂಸಿನ ತೊಟ್ಟಲ ಕಾರ್ಯಕ್ಕ ನಿಮ್ಮೂರಿಗೆ ಬಂದೆ. ರಾತ್ರಿ ನಮಗೆಲ್ಲಾ ಹಾಸಿಗಿ ಹಾಸಿ ಕೊಟ್ಟು, ನಿಮ್ಮವ್ವ ನಿಮ್ಮಪ್ಪ ಬರೇ ಜಮಖಾನಿ ಮ್ಯಾಲೆ ಮಲಗಿದ್ರು. ಮಂಚದ ಮ್ಯಾಲೆ ಗಾದಿ ಇದ್ದಿಲ್ಲ. ಏನ ಕೇಳಲಿ? ಸುಮ್ನ ಬಂದೆ."

"ಹ್ವಾದ ವಾರ ನಾ ಅಷ್ಟ ಮಾತ ಅಂದೆ. ಆವಾಗರ ಹೇಳಬಾರದಿತ್ತೇನರಿ?"

ಅತ್ತೆ ಕೈ ನಿಲ್ಲಿಸಲಿಲ್ಲ. ಒಂದು ತೊಟ್ಟು ಕಿತ್ತು ಬುಟ್ಟಿಗೆ ಹಾಕಿದರು.

"ಹೇಳಿದ್ರ ನೀ ಅಲ್ಲಿಗೆ ಬಿಡತಿದ್ದೇನ? ಅವ್ವ ಇನ್ನೂ ಏನೇನ ಮುಚ್ಚಿಟ್ಟಾಳ ಅಂತ ಅಲ್ಲಿಂದ ಶುರು ಮಾಡತಿದ್ದಿ. ಅತ್ತಿ ಮ್ಯಾಲೆ ಸಂಶೇ ಇದ್ರ ನಿದ್ದಿ ಬರತೈತಿ, ಇಷ್ಟ ವರ್ಷ ನಿನಗ ಬಂದಿಲ್ಲೇನ? ಹಡದವ್ವನ ಮ್ಯಾಲೆ ಸಂಶೇ ಬಂತಂದ್ರ, ಎಂಥಾ ಗಾದಿ ಮ್ಯಾಲೆ ಮಲಗಿದ್ರೂ ಬರಂಗಿಲ್ಲವಾ."