ಬೀರುವಿನಲ್ಲಿ ಬೀಗ ಹಾಕಿಟ್ಟ ತಪ್ಪು

"ಅದು ಮೆಷಿನ್ ರೂಮಿನ ಕಾಗದ. ನೀವು ಬರೆದ ಪ್ರೋಗ್ರಾಮ್ ಮೇಜಿನ ಮೇಲಿದೆಯಲ್ಲ, ಅದನ್ನೇ ನೋಡ್ಕೊಳ್ಳಿ" ಎಂದು ಆಫೀಸರ್ ನನ್ನ ಕೈಯಿಂದ ಹಾಳೆ ಕಿತ್ತುಕೊಂಡರು. ಎಪ್ಪತ್ತರ ದಶಕ, ಬೆಂಗಳೂರಿನ ಒಂದು ಕಾರ್ಖಾನೆ; ಅಲ್ಲಿನ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ನನ್ನ ಪ್ರೋಗ್ರಾಮ್ ಓಡುವಾಗ ಏನೇನಾಯಿತು, ಎಲ್ಲಿ ನಿಂತಿತು ಎಂದು ಕಂಪ್ಯೂಟರ್ ಸಾಲುಸಾಲಾಗಿ ಅಚ್ಚು ಹಾಕಿದ್ದು ಆ ಹಾಳೆಯಲ್ಲೇ. ಅದಿಲ್ಲದೆ ನಾಲ್ಕು ದಿನ ತಪ್ಪು ಹುಡುಕಿದೆ, ದಿನವೂ ಅವರಿಂದಲೇ ಬೈಸಿಕೊಂಡೆ.

ಭಾನುವಾರ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ, ಚಿಕ್ಕಪ್ಪ ನೇಯುತ್ತಿದ್ದ ಸೀರೆಯ ಅಂಚಿನಲ್ಲಿ ಹೂವೊಂದು ಕೆಟ್ಟಿತ್ತು. ಮಗ್ಗಕ್ಕೆ ಹೂವು ಹೇಳಿಕೊಡುವ ತೂತಿನ ಕಾರ್ಡುಗಳನ್ನು ಅಂಚಿನ ಪಕ್ಕದಲ್ಲೇ ಹಿಡಿದು, ಒಂದು ಬೆರಳು ಬಟ್ಟೆಯ ಮೇಲೆ, ಇನ್ನೊಂದು ಕಾರ್ಡಿನ ಮೇಲೆ ಇಟ್ಟು ನೋಡುತ್ತಾ ಹೋದರು. ತೂತು ಮುಚ್ಚಿಹೋಗಿದ್ದ ಕಾರ್ಡು ಸಿಕ್ಕೇಬಿಟ್ಟಿತು.

"ನೇಯ್ದಿದ್ದು ನೋಡ್ದೆ ಬರೀ ಕಾರ್ಡ್ ನೋಡಿದ್ರೆ ಏನಮ್ಮಾ ಗೊತ್ತಾಗ್ತದೆ?" ಅಂದರು.

ಸೋಮವಾರ ಮೆಷಿನ್ ರೂಮಿನ ಬಾಗಿಲಲ್ಲಿ ಹಠ ಹಿಡಿದು ನಿಂತು ಹಾಳೆ ಈಸಿಕೊಂಡೆ. ಪ್ರೋಗ್ರಾಮಿನ ಪಕ್ಕ ಹಾಸಿ, ಚಿಕ್ಕಪ್ಪನ ಹಾಗೇ ಬೆರಳಿಟ್ಟು ನೋಡಿದೆ. ಟೀ ಬರುವಷ್ಟರಲ್ಲಿ ತಪ್ಪು ಸಿಕ್ಕಿತು. ಆಫೀಸರ್ ಬಂದು ಹಾಳೆ ಮಡಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಅದನ್ನು ತೋರಿಸುವ ಹಾಳೆಯನ್ನು ನನ್ನಿಂದಲೇ ಬಚ್ಚಿಟ್ಟು, ಹುಡುಕಲಿಲ್ಲವೆಂದು ನನ್ನನ್ನೇ ಬೈದರಲ್ಲ, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.