ಎಂಟರ ಮೇಲೆ ಬಿಡಿ

ತಿಪ್ಪೇಶಣ್ಣ, ನಿಮ್ಮ ಬಿಳಿ ಪಾರಿವಾಳವನ್ನು ಗಿಡುಗನ ಬಾಯಿಗೆ ಕೊಟ್ಟವಳು ನಾನು. ಗಿಡುಗನಿಗೆ ಇದ್ದದ್ದು ಹಸಿವು — ಹಗೆ ಇದ್ದದ್ದು ನನಗೆ.

ಕಡೂರಿನ ನಮ್ಮ ಮನೆಗಳ ಹಿಂದಿನ ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುವವಳು ನಾನು. ಆ ಗಿಡುಗನ ದಿನಚರಿ ನನಗೆ ಸ್ಕೂಲಿನ ಟೈಂಟೇಬಲ್ಲಿನಷ್ಟೇ ಬಾಯಿಪಾಠ. ಏಳರವರೆಗೆ ಬೇವಿನ ತುದಿಯಲ್ಲಿ ಬಿಸಿಲು ಕಾಯಿಸುತ್ತದೆ, ಪಕ್ಕದಲ್ಲೇ ಅಳಿಲು ಓಡಿದರೂ ಕತ್ತು ಹೊರಳಿಸುವುದಿಲ್ಲ. ಎಂಟಾಯಿತೆಂದರೆ ಗೇಟಿನ ಲೈಟುಕಂಬಕ್ಕೆ ಬರುತ್ತದೆ. ಅಲ್ಲಿಂದ ಹುಲ್ಲಿಗೆ ತಾಗುವಷ್ಟು ಕೆಳಗೆ ಹಾರಿ, ಸಿಕ್ಕ ಹಕ್ಕಿಯನ್ನು ಹಿಂದಿನಿಂದ ಎತ್ತಿಬಿಡುತ್ತದೆ. ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ನೋಡಲು ಚೆನ್ನಾಗಿರುತ್ತಿತ್ತು.

ಅಜ್ಜಂಪುರದ ಗಂಡಿನ ಕಡೆಯವರು ನನ್ನ ಮಗಳನ್ನು ಒಪ್ಪಿ ಹೋದಮೇಲೆ, ಎಲ್ಲರೂ ಮಾಡುವಂತೆ, ಅಕ್ಕಪಕ್ಕದಲ್ಲಿ ಗುಟ್ಟಾಗಿ ವಿಚಾರಿಸಲು ಬಂದಿದ್ದರು. ಚಿಕ್ಕಂದಿನಲ್ಲಿ ಹುಡುಗಿಗೆ ಮೂರ್ಛೆ ಬರುತ್ತಿತ್ತೆಂದು ನೀವು ಹೇಳಿದಿರಿ. ಸಂಬಂಧ ಮುರಿಯಿತು. ಅವಳು ಎರಡು ದಿನ ಊಟ ಬಿಟ್ಟಳು — ನಾನು ನಿಮ್ಮ ಜೊತೆ ಮಾತು ಸಹ ಬಿಡಲಿಲ್ಲ. ನಾಲ್ಕು ವರ್ಷ ನಗುನಗುತ್ತಲೇ ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡೆ.

ಕೊನೆಗೆ ನೀವೇ ಕಾಂಪೌಂಡ್ ಹತ್ತಿರ ಬಂದು ಕೇಳಿದಿರಿ.

"ಟೀಚ್ರೇ, ಆ ಗಿಡುಗನ್ನ ದಿನಾ ನೋಡ್ತೀರಲ್ಲ, ನಮ್ಮ ಹಕ್ಕಿ ಎಷ್ಟೊತ್ತಿಗೆ ಬಿಟ್ರೆ ಒಳ್ಳೇದು?"

"ಎಂಟರ ಮೇಲೆ ಬಿಡಿ ತಿಪ್ಪೇಶಣ್ಣ. ಅಷ್ಟೊತ್ತಿಗೆ ಗಿಡುಗ ಹೊಟ್ಟೆ ತುಂಬಿಸ್ಕೊಂಡು ಹೋಗಿರ್ತದೆ."

ಮೂರನೇ ದಿನ ಬೆಂಚಿನಿಂದಲೇ ನೋಡಿದೆ. ನಿಮ್ಮ ಭುಜದ ಮೇಲೆ ಕೂತು ಜೋಳ ತಿನ್ನುತ್ತಿದ್ದ ಹಕ್ಕಿ ಅದು. ಹುಲ್ಲಿನ ಮೇಲೆಲ್ಲ ಬಿಳಿ ಗರಿ. ನೀವು ತಾರಸಿಯಲ್ಲಿ ಜೋಳದ ಡಬ್ಬ ಅಲ್ಲಾಡಿಸುತ್ತ ಮಧ್ಯಾಹ್ನದವರೆಗೂ ಕರೆದಿರಿ. ನನಗೆ ಸಂತೋಷವಾಯಿತು — ಮುಚ್ಚಿಡುವುದಿಲ್ಲ, ಮನೆಗೆ ಬಂದು ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ.

ಸಂಜೆ ನೀವು ಬಂದು, "ನಂದೇ ತಪ್ಪು ಟೀಚ್ರೇ, ಎಂಟಾಗೋಕ್ಕೆ ಮುಂಚೇನೇ ಬಿಟ್ಬಿಟ್ಟೆ ಅನ್ಸುತ್ತೆ" ಅಂದಿರಿ. ಮಾರನೇ ದಿನದಿಂದ ಎಂಟೂಕಾಲು ಮಾಡಿಕೊಂಡಿರಿ. ಎರಡು ವರ್ಷದಲ್ಲಿ ಇನ್ನೂ ಮೂರು ಹಕ್ಕಿ ಹೋದವು. ಪ್ರತಿಸಲವೂ ನಿಮ್ಮ ಗಡಿಯಾರವನ್ನೇ ಬೈದುಕೊಂಡಿರಿ — ನಾನು "ಅಯ್ಯೋ ಪಾಪ" ಅಂದೆ.

ಮಗಳಿಗೆ ಮೂರ್ಛೆ ಬರುತ್ತಿದ್ದದ್ದು ನಿಜ. ಗಂಡಿನ ಕಡೆಯವರಿಂದ ಅದನ್ನು ಮುಚ್ಚಿಟ್ಟವಳು ನಾನು. ಅವರು ಕೇಳಿದಾಗ ನೀವು ಇದ್ದದ್ದನ್ನು ಹೇಳಿದಿರಿ. ನೀವು ಕೇಳಿದಾಗ ನಾನು —

ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಆದರೂ ನಾಳೆ ಪಾರ್ಕಿಗೆ ಹೋಗುವುದಿಲ್ಲ. ನೀವು ಗೂಡಿನ ಬಾಗಿಲು ತೆಗೆಯುವ ಮುಂಚೆ ತಾರಸಿಗೆ ಬಂದು, ಇಷ್ಟನ್ನೂ ನಿಮ್ಮ ಮುಖ ನೋಡಿಯೇ ಹೇಳುತ್ತೇನೆ.